ಎರಡೆಣ್ಣೆಯ ದೋಣಿ

ನನ್ನ ಅಕ್ಕನ ಗಂಡ ನಿಂತೇ ಊಟ ಮಾಡುವ ಮನುಷ್ಯ. ತಟ್ಟೆ ಕೈಯಲ್ಲಿ, ಕಣ್ಣು ಕಿಟಕಿಯಲ್ಲಿ, ಒಂದು ಕಾಲು ಆಗಲೇ ಹೊಸ್ತಿಲಾಚೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನೆಂದು ಬಂದರಿನಲ್ಲಿ ಅವನನ್ನು ಎಲ್ಲರೂ ಚಕ್ರಣ್ಣ ಅನ್ನುತ್ತಿದ್ದರು. "ಇವರು ಒಂದು ದಿನ ಕೂತು ಉಂಡ್ರೆ ಬೀದಿಗೆಲ್ಲ ಸಕ್ಕರೆ ಹಂಚ್ತೀನಿ" ಎಂದು ಅಕ್ಕ ಹೇಳುತ್ತಲೇ ಇದ್ದಳು.

ದೋಣಿ ನಮ್ಮಪ್ಪನದು. ಅಪ್ಪ ತೀರಿಕೊಂಡ ಮೇಲೆ ಚುಕ್ಕಾಣಿ ಭಾವನ ಕೈಗೆ ಬಂತು, ಇಂಜಿನ್ ನನ್ನ ಕೈಗೆ. ಗಡಿಯಾಚೆಯ ಬಂದರಿನಲ್ಲಿ ಡೀಸೆಲ್ ಅಗ್ಗ, ಮದ್ಯ ಇನ್ನೂ ಅಗ್ಗ. ನಮ್ಮ ಬಾಯಲ್ಲಿ ಎರಡಕ್ಕೂ ಒಂದೇ ಹೆಸರು: ಎಣ್ಣೆ. ಮೀನಿಗೆಂದು ಹೋಗುವುದು, ಎರಡೆಣ್ಣೆ ತುಂಬಿಕೊಂಡು ಬರುವುದು. ಮೀನು ಇಡುವ ಗೂಡಿನ ಹಲಗೆಯಡಿ ಒಂದು ಕಳ್ಳ ಟ್ಯಾಂಕ್, ಅದರ ಪಕ್ಕ ಗೋಣಿ ಸುತ್ತಿದ ಬಾಟಲಿಗಳು, ಮೇಲೆ ಐಸು, ಐಸಿನಲ್ಲಿ ಮೀನು. ಹಿಂದೊಮ್ಮೆ ಸಿಕ್ಕಿಬಿದ್ದು ಸುಂಕದವರಿಂದ ಎಚ್ಚರಿಕೆಯ ಕಾಗದ ಬಂದಿತ್ತು. ಇನ್ನೊಂದು ಸಲ ಸಿಕ್ಕರೆ ದೋಣಿಯೇ ಜಪ್ತಿ. ಆ ಕಾಗದವನ್ನು ಅಕ್ಕ ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದ್ದಳು. ಅದು ಕಣ್ಣಿಗೆ ಬೀಳದಿರಲೆಂದು ಭಾವ ಬಾಗಿಲನ್ನು ಯಾವಾಗಲೂ ತೆರೆದೇ ಇಡುತ್ತಿದ್ದ.

ಆ ಸಲ ಗಡಿಯಾಚೆ ಟ್ಯಾಂಕ್ ತುಂಬಿದ ಮೇಲೆ, "ಮುಚ್ಚಳ ಬಿಗಿ ಇದೆಯಾ ನೋಡ್ತೀನಿ, ಸ್ವಲ್ಪ ಇರಿ ಭಾವ" ಎಂದೆ.

"ಎಲ್ಲ ಬಿಗಿಯಾಗೇ ಇದೆ. ನೀನು ಇಂಜಿನ್ ಹಾಕೋ!"

ಬರುವ ದಾರಿಯುದ್ದಕ್ಕೂ ಅಲೆ ಜೋರಾಗಿತ್ತು. ಬೆಳಿಗ್ಗೆ ನಮ್ಮ ಬಂದರಿನ ಕಟ್ಟೆಗೆ ಬಂದಾಗ ಸುಂಕದ ಸಾಹೇಬರು ಗೂಡಿಗೆ ಬಗ್ಗಿ ನೋಡಿದರು, ಐಸಿಗೆ ಕೋಲಿನಿಂದ ನಾಲ್ಕು ಸಲ ಚುಚ್ಚಿದರು. "ಆಯ್ತು, ಇಳಿಸ್ಕೊಳ್ಳಿ" ಎಂದರು. ಅಲ್ಲಿಗೆ ಮುಗಿದಿತ್ತು. ಆದರೆ ನಮ್ಮ ಚಕ್ರಣ್ಣನಿಗೆ ಸುಮ್ಮನಿದ್ದು ಗೊತ್ತಿದ್ದರೆ ತಾನೆ!

"ಬರಿಗೈಲಿ ಹೋಗ್ತೀರಾ ಸಾರ್?" ಎಂದು ಐಸಿನ ಅಡಿಯಿಂದ ದಪ್ಪನೆಯ ಮೀನೊಂದನ್ನು ಎಳೆದು ಕಾಗದದಲ್ಲಿ ಸುತ್ತಿಕೊಟ್ಟ.

"ನಾನು ತಿನ್ನಲ್ಲ. ಅಮ್ಮನಿಗೆ ಆಗುತ್ತೆ" ಎಂದು ಸಾಹೇಬರು ಚೀಲಕ್ಕೆ ಹಾಕಿಕೊಂಡರು. ಡೀಸೆಲ್ ವಾಸನೆ ಬಾರದ ವಸ್ತು ಆ ಕಟ್ಟೆಯ ಮೇಲೆ ಒಂದೂ ಇರಲಿಲ್ಲ, ಹಾಗಾಗಿ ಯಾರಿಗೂ ಏನೂ ತಿಳಿಯಲಿಲ್ಲ.

ತಿಳಿದದ್ದು ಮನೆಯಲ್ಲಿ, ಅಕ್ಕ ಮೀನು ಕೊಯ್ಯಲು ಕೂತಾಗ. "ರೀ, ಇದು ಮೀನೋ ಸ್ಟವ್ ಬತ್ತಿಯೋ? ಕಡ್ಡಿ ಗೀರಿದ್ರೆ ಉರಿಯುತ್ತೆ! ಇದ್ರಲ್ಲಿ ಯಾರಿಗಾದ್ರೂ ಕೊಟ್ಟಿದೀರಾ?"

ಭಾವನ ಮುಖ ಬಿಳಿಚಿಕೊಂಡಿತು. ಒಂದು ನಿಮಿಷ ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗಿದ. ಆಮೇಲೆ ಮಾರುಕಟ್ಟೆಗೆ ಓಡಿ ಒಳ್ಳೆಯ ಮೀನು ಕೊಂಡು, ಸಾಹೇಬರ ಮನೆಯ ದಾರಿ ಹಿಡಿದ. ನಾನು ಹಿಂದಿನಿಂದ ಕೂಗಿದೆ: "ಹೋಗ್ಬೇಡಿ ಭಾವ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗುತ್ತೆ!" ಅವನು ತಿರುಗಲಿಲ್ಲ. ಬೈಯುತ್ತಲೇ ನಾನೂ ಓಡಿದೆ.

ಸಾಹೇಬರು ಹಿತ್ತಲ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದರು. ಒಳಗೆ ಅವರ ತಾಯಿ ತಟ್ಟೆಯ ಮುಂದೆ ಕೂತಿದ್ದರು. ಮೀನು ಹುರಿದು ಆಗಿತ್ತು.

"ಅಜ್ಜಿ, ಅದನ್ನ ಬಿಡಿ. ಬೇರೆ ಮೀನು ತಂದಿದೀನಿ" ಎಂದ ಭಾವ, ಏದುಸಿರು ಬಿಡುತ್ತ.

"ಯಾಕಪ್ಪ?"

"ಅದಕ್ಕೆ... ಎಣ್ಣೆ ಆಗಿದೆ."

ಅಜ್ಜಿ ನಕ್ಕರು. "ಎಣ್ಣೆ ಇಲ್ದೆ ಮೀನು ಹುರಿಯೋದು ಹ್ಯಾಗೆ ಮಗಾ? ನನ್ನ ಮೂಗಿಗೆ ವಾಸನೆ ಹೋಗಿ ಹತ್ತು ವರ್ಷ ಆಯ್ತು. ಕಣ್ಣಿಗೆ ಚೆನ್ನಾಗೇ ಕಾಣ್ತಿದೆ."

ಸಾಹೇಬರು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. "ಯಾವ ಎಣ್ಣೆ?" ಎಂದರು.

ನಾನು ಭಾವನ ಬೆನ್ನು ಚಿವುಟಿದೆ. ಅಡುಗೆ ಎಣ್ಣೆ ಅಂದುಬಿಡಲಿ ದೇವರೇ, ಎಂದು ಒಳಗೊಳಗೇ ಬೇಡಿಕೊಂಡೆ. ಎಣ್ಣೆ ಎಂಬ ಆ ಒಂದು ಮಾತಿನ ಮರೆಯಲ್ಲೇ ಅಲ್ಲವೇ ಇಷ್ಟು ವರ್ಷ ನಮ್ಮ ದೋಣಿ ತೇಲಿದ್ದು! ಅಷ್ಟರಲ್ಲಿ ಅಜ್ಜಿ ತುತ್ತು ಎತ್ತಿದರು. ಭಾವ ಹಾರಿ ಅವರ ಕೈ ಹಿಡಿದ.

"ಡೀಸೆಲ್, ಅಜ್ಜಿ, ಡೀಸೆಲ್! ಬಾಯಿಗೆ ಹಾಕ್ಬೇಡಿ!"

ಸಾಹೇಬರು ತಟ್ಟೆ ಎತ್ತಿ ಮೂಸಿದರು. ಗೋಡೆಯ ಮೊಳೆಯಿಂದ ಸಮವಸ್ತ್ರದ ಅಂಗಿ ತೆಗೆದು ಗುಂಡಿ ಹಾಕಿಕೊಂಡರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಬಂತು? ಮೂರು ಗಂಟೆಯ ಹೊತ್ತಿಗೆ ಹಲಗೆ ಎಬ್ಬಿಸಿ, ಟ್ಯಾಂಕು, ಬಾಟಲಿ ಎಲ್ಲ ಹೊರತೆಗೆದು, ಅಪ್ಪನ ದೋಣಿಗೆ ಸರಪಳಿ ಬಿಗಿದು ಮೊಹರು ಒತ್ತಿದರು.

ಮನೆಯವರೆಗೂ ನಾನು ಭಾವನನ್ನು ಬೈದೆ. "ಒಂದು ತುತ್ತು ತಿಂದಿದ್ರೆ ಮುದುಕಿ ಸಾಯ್ತಿದ್ಲಾ?" ಎಂದೂ ಕೇಳಿದೆ. ಆ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ. ಅವನು ಮೊದಲ ಸಲ ನನಗಿಂತ ಹಿಂದೆ ನಡೆಯುತ್ತಿದ್ದ.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. "ಅಜ್ಜಿ ನುಂಗಿರ್ಲಿಲ್ಲ ತಾನೇ?"

"ಇಲ್ಲ" ಎಂದ ಭಾವ.

ಅವಳು ಅಡುಗೆಮನೆಯ ಬಾಗಿಲು ಎಳೆದು, ಹಿಂದಿದ್ದ ಕಾಗದವನ್ನು ಉಗುರಿನಿಂದ ಕಿತ್ತು ಒಲೆಗೆ ಹಾಕಿದಳು. ಅನ್ನ ಬಡಿಸಿದಳು. "ಕೂತ್ಕೊಳ್ಳಿ" ಎಂದಳು.

ಭಾವ ಕೂತು ಉಂಡ. ಸಕ್ಕರೆ ಹಂಚುವ ಮಾತನ್ನು ಯಾರೂ ಎತ್ತಲಿಲ್ಲ.