ಮುಂದೆ ಮೇಷ್ಟ್ರು ಪರೀಕ್ಷೆಗೆ ಕೂತದ್ದು

ವೈದ್ಯಕೀಯ ಸೀಟಿಗೆ ನಡೆಯುವ ಜೀವಶಾಸ್ತ್ರದ ಪ್ರವೇಶ ಪರೀಕ್ಷೆಗೆ ತಯಾರಿ ಮಾಡಿಸುತ್ತಿದ್ದ ಆ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ‘ಮುಂದೆ ಮೇಷ್ಟ್ರು’. ಔಷಧಿ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಅವರ ಪಾಠ. ಅಭ್ಯಾಸದ ಪರೀಕ್ಷೆ ನಡೆಯುವಾಗ ಯಾರಾದರೂ ಒಂದೇ ಪ್ರಶ್ನೆಗೆ ಅಂಟಿಕೊಂಡು ಕೂತರೆ ಸಾಕು, ಬೆಂಚಿಗೆ ಬೆರಳಲ್ಲಿ ಕುಟ್ಟಿ “ಮುಂದೆ!” ಎನ್ನುತ್ತಿದ್ದರು.

“ನೋಡಿದ ತಕ್ಷಣ ಗೊತ್ತಾಗೋದನ್ನ ಮೊದಲು ಮುಗಿಸಿ. ಯೋಚನೆ ಬೇಕಾದದ್ದು ಎರಡನೇ ಸುತ್ತಿಗೆ. ಕೊನೆಗೆ, ಖಂಡಿತ ತಪ್ಪು ಅನ್ನೋ ಆಯ್ಕೆಗಳನ್ನ ಹೊಡೆದುಹಾಕಿ, ಉಳಿದದ್ದರಲ್ಲಿ ಒಂದನ್ನ ಊಹಿಸಿ. ಸರಿಯಾದ್ರೆ ನಾಲ್ಕು ಬರುತ್ತೆ, ತಪ್ಪಾದ್ರೆ ಒಂದು ಹೋಗುತ್ತೆ. ಅಳೋದಕ್ಕೇನಿದೆ ಇದರಲ್ಲಿ?”

ಅವರ ಕೈಲಿ ಹೆಚ್ಚು ಬೈಸಿಕೊಳ್ಳುತ್ತಿದ್ದವಳು ನಿಧಾನವಾಗಿ ಬರೆಯುವ ಒಬ್ಬ ಹುಡುಗಿ. ಒಂದು ದಿನ ಅವಳೇ ಕೇಳಿದಳು: “ಸಾರ್, ನೀವು ಈ ಪರೀಕ್ಷೆ ಯಾವತ್ತಾದ್ರೂ ಬರೆದಿದ್ದೀರಾ?”

“ನಮ್ಮ ಕಾಲದಲ್ಲಿ ಇದೆಲ್ಲಿತ್ತಮ್ಮ?”

ಆ ವರ್ಷ ವಯಸ್ಸಿನ ಮಿತಿ ತೆಗೆದುಹಾಕಿದ್ದರು. “ಹಾಗಾದ್ರೆ ಈ ಸಲ ನೀವೂ ಬರೀರಿ ಸಾರ್!” ಎಂದು ಇಡೀ ತರಗತಿ ಕೂಗಿತು. ಮೇಷ್ಟ್ರು ನಕ್ಕು ಒಪ್ಪಿಕೊಂಡರು. ನರ್ಸ್ ಆಗಿದ್ದ ಹೆಂಡತಿ ಮಾತ್ರ, “ಮಕ್ಕಳ ಮಧ್ಯೆ ಕೂತು ಮಾನ ಕಳ್ಕೋಬೇಡಿ” ಎಂದರು, ತಮಾಷೆಗೇ.

ಪರೀಕ್ಷೆಯ ದಿನ ಮೊದಲ ಪುಟ ನೀರು ಕುಡಿದಷ್ಟು ಸಲೀಸಾಗಿ ಮುಗಿಯಿತು. ಎರಡನೇ ಪುಟದಲ್ಲಿತ್ತು ಆ ಪ್ರಶ್ನೆ: ಆಮ್ಲಜನಕ ಕಡಿಮೆಯಿರುವ ರಕ್ತವನ್ನು ಒಯ್ಯುವ ಏಕೈಕ ಅಪಧಮನಿ ಯಾವುದು? ಕೇಳಿದವರಿಗೆ ಬೇಕಾದದ್ದು ಶ್ವಾಸಕೋಶದ ಅಪಧಮನಿ. ಅದು ಮೇಷ್ಟ್ರಿಗೆ ನಿದ್ದೆಯಲ್ಲೂ ಗೊತ್ತು. ಆದರೆ ‘ಏಕೈಕ’ ಎಂದರೆ? ಅಂಥದ್ದೇ ರಕ್ತ ಒಯ್ಯುವ, ಗರ್ಭದಲ್ಲಿರುವ ಮಗುವಿನ ಹೊಕ್ಕುಳಬಳ್ಳಿಯ ಅಪಧಮನಿಗಳು ಎಲ್ಲಿಗೆ ಹೋದವು? ತಪ್ಪು ಪ್ರಶ್ನೆಗೆ ಸರಿ ಉತ್ತರ ತುಂಬಲು ಅವರ ಪೆನ್ನು ಏಳಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಪ್ರಶ್ನೆಯ ಮೇಲೂ ಅನುಮಾನ. ‘ಯಾವಾಗಲೂ’ ಎಂದರೆ ಯಾವಾಗಲೂನಾ? ‘ಮುಖ್ಯವಾಗಿ’ ಎಂದರೆ ಎಷ್ಟು? ಹಿಂದಕ್ಕೆ ಹೋದರು, ಮತ್ತೆ ಓದಿದರು, ಸುಮ್ಮನೆ ಕೂತರು. ಸುತ್ತಲೂ ಹಾಳೆ ಮಗುಚುವ ಸದ್ದು. ಊಹಿಸಬೇಕಾದ ಕಡೆ ಪೆನ್ನು ಕೆಳಗಿಟ್ಟರು. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹಾಗೆ ತುಂಬುವುದು ಹೇಗೆ?

ಗಂಟೆ ಹೊಡೆಯಿತು. ಕೊಠಡಿಯ ಮೇಲ್ವಿಚಾರಕಿ ಉತ್ತರದ ಹಾಳೆ ಎಳೆದರೂ ಅವರು ಬಿಡಲಿಲ್ಲ.

“ಸರ್, ಬಿಡಿ. ಹರಿದುಹೋಗುತ್ತೆ.”

ಆಗಲೇ ಅವರಿಗೆ ಕಂಡದ್ದು: ಹಾಳೆಯ ಕೆಳಗಿನ ಅರ್ಧ ಪೂರ್ತಿ ಖಾಲಿ. ಎಲ್ಲರೂ ಎದ್ದು ಹೋದ ಮೇಲೂ ಬೆಂಚಿನ ಅಂಚು ಹಿಡಿದು ಕೂತಿದ್ದರು.

ಮನೆಯಲ್ಲಿ ಹೆಂಡತಿ, “ಏನ್ರೀ, ಹುಷಾರಿಲ್ವಾ?” ಎಂದು ಅಭ್ಯಾಸಬಲದಿಂದ ಕೈಹಿಡಿದು ನಾಡಿ ನೋಡಿದರು.

“ಅರ್ಧ ಮುಗಿಸಿಲ್ಲ ಕಣೇ.”

“ತಮಾಷೆ ಸಾಕು.” ಆಮೇಲೆ ಅವರ ಮುಖ ನೋಡಿ ಕುರ್ಚಿ ಎಳೆದುಕೊಟ್ಟರು.

ಮರುದಿನ ತರಗತಿಯಲ್ಲಿ ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹಿಂದೆ ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ನಿಧಾನದ ಹುಡುಗಿ ಎದ್ದು ನಿಂತಳು.

“ಎಲ್ಲಿ ಸಿಕ್ಕಿಹಾಕ್ಕೊಂಡ್ರಿ ಸಾರ್? ಅಪಧಮನಿಲಿ ತಾನೇ?”

“ನಿನಗೆ ಹೇಗೆ ಗೊತ್ತು?”

“ನೀವೇ ಹೊಕ್ಕುಳಬಳ್ಳಿ ವಿಷಯ ಹೇಳಿಕೊಟ್ಟಿದ್ರಲ್ಲ. ನಾನೂ ಅಲ್ಲೇ ನಿಂತುಬಿಟ್ಟೆ. ಆಮೇಲೆ ನೀವು ಪಕ್ಕದಲ್ಲಿ ಬೆಂಚು ಕುಟ್ಟಿದ ಹಾಗಾಯ್ತು. ಅವರಿಗೆ ಬೇಕಾದ್ದನ್ನ ತುಂಬಿ ಹೋದೆ. ಜಗಳ ಮನೆಗೆ ಹೋಗಿ ಆಡಿದ್ರಾಯ್ತು ಅಂತ.”

ಫಲಿತಾಂಶ ಬಂದಾಗ ಹುಡುಗಿಗೆ ಸೀಟು ಸಿಕ್ಕಿತ್ತು. ಮೇಷ್ಟ್ರ ಅಂಕಪಟ್ಟಿಯನ್ನು ಹೆಂಡತಿ ನೋಡಿ ಮಡಿಸಿಟ್ಟರು.

ಆಮೇಲೆ ಅಭ್ಯಾಸದ ಪರೀಕ್ಷೆಗಳಲ್ಲಿ ಮೇಷ್ಟ್ರೂ ಕೊನೆಯ ಬೆಂಚಿನಲ್ಲಿ ಕೂತು ಬರೆಯತೊಡಗಿದರು. ಓದುತ್ತಿರುವವರ ತಲೆಯ ಮೇಲೆ ನಿಂತು ಅವಸರಪಡಿಸುವುದನ್ನು ನಿಲ್ಲಿಸಿದರು. ಗಡಿಯಾರ ನೋಡಿಕೊಳ್ಳುವ ಕೆಲಸ ಸರದಿಯಂತೆ ಮಕ್ಕಳಿಗೆ ಬಂತು. ಮರುವರ್ಷ ಮತ್ತೆ ಪರೀಕ್ಷೆಗೆ ಹೋದರು. ಈ ಸಲ ಪೂರ್ತಿ ಮುಗಿಸಿ, ಕೊನೆಗೆ ಕೆಲವನ್ನು ಕಣ್ಣುಮುಚ್ಚಿ ಊಹಿಸಿಯೂ ಬಂದರು. ಅದರಲ್ಲಿ ಎರಡು ತಪ್ಪಾಗಿದ್ದವು. ಆ ‘ಏಕೈಕ’ ಅಪಧಮನಿಯ ಪ್ರಶ್ನೆ ಕೇಳಿದವರನ್ನು ಮಾತ್ರ ಅವರು ಇನ್ನೂ ಕ್ಷಮಿಸಿಲ್ಲ.