ಸೊಟ್ಟ ಕಮಾನು

ಕಲ್ಲಿಗೆ ಬರವಿಲ್ಲದ ನಮ್ಮ ಸೀಮೆಯಲ್ಲಿ, ಆಳಂದದ ಚಿತ್ರಕಲಾ ಶಾಲೆ ಮಾತ್ರ ಇಟ್ಟಿಗೆಯದು. ನಿಜಾಮನ ಕಾಲದ್ದು. ಉದ್ದನೆಯ ಪಡಸಾಲೆ, ಮುಂದೆ ಸಾಲು ಕಮಾನು, ಬೆರಳು ದಪ್ಪದ ಇಟ್ಟಿಗೆಗಳ ನಡುವೆ ಸುಣ್ಣದ ಗಚ್ಚು. "ಕಲ್ಲು ಬಿಟ್ಟು ಮಣ್ಣು ಸುಟ್ಟು ಕಟ್ಟ್ಯಾರ, ಹುಚ್ಚರು" ಎಂದು ನಮ್ಮಜ್ಜಿ ಮೂಗು ಮುರಿಯುತ್ತಿದ್ದಳು. ನನಗೋ ಆ ಕಟ್ಟಡವೆಂದರೆ ಜೀವ. ಆದರೂ ನಡುವಿನ ಕಮಾನಿನಡಿ ಹಾಯುವಾಗ ಯಾಕೋ ಹೆಜ್ಜೆ ತಾನಾಗಿ ಬಿರುಸಾಗುತ್ತಿತ್ತು.

ಎಂಬತ್ತರ ದಶಕದ ಒಂದು ಬೇಸಿಗೆ. ಆ ಕಮಾನನ್ನೇ ಬರೆಯಲು ಸರ್ ನಮ್ಮನ್ನು ಅಂಗಳದ ಬೇವಿನಡಿ ಕೂರಿಸಿದರು. ನನ್ನ ಬೆನ್ನುಹತ್ತಿ ಬಂದಿದ್ದ ಪುಟ್ಟ ತಂಗಿಯನ್ನು ಕಮಾನಿನ ಕೆಳಗೆ ಕೂರಿಸಿ, "ಚಿತ್ರ ಮುಗಿಯೂತನಾ ಅಲ್ಲಾಡಬ್ಯಾಡವ್ವಾ, ಮುಗಿದ ಮ್ಯಾಲ ನಾನೇ ಹೇಳ್ತೇನಿ" ಎಂದರು. ಅವಳು ಉಸಿರು ಬಿಗಿಹಿಡಿದು ಕೂತಳು.

ನನ್ನ ಹಾಳೆ ನೋಡಿದ್ದೇ ಸರ್ ಸಿಡುಕಿದರು. "ನಡುವಿನ ಇಟ್ಟಂಗಿ ಯಾಕ ಜೋತುಬಿದ್ದಾವ ಬೇ? ಕಮಾನು ಸೊಟ್ಟ ಆಗ್ಯಾದ."

"ಅದೇ ಸೊಟ್ಟ ಅದರಿ ಸರ್."

"ನಮ್ಮಪ್ಪ ಹುಟ್ಟೋಕಿಂತ ಮೊದಲಿಂದ ನಿಂತದ. ನಿನ್ನ ಕಣ್ಣಿಗಷ್ಟೇ ಸೊಟ್ಟೇನು? ಅಳಿಸು."

ಅಳಿಸಿ ಬರೆದೆ. ಮತ್ತೆ ಸೊಟ್ಟವೇ ಬಂತು. ಉಳಿದವರ ಕಮಾನುಗಳೆಲ್ಲ ನೆಟ್ಟಗಿದ್ದವು. ಅವರು ರೂಢಿಯ ಕಮಾನು ಬರೆದಿದ್ದರು, ನಾನು ಕಂಡದ್ದನ್ನು. ಮೈಯೆಲ್ಲ ಉರಿಯಿತು ನನಗೆ. "ಬೇಕಾದ್ರ ನೀವೇ ಕೂತು ನೋಡ್ರಿ" ಅಂದುಬಿಟ್ಟೆ.

ಸರ್ ನನ್ನ ಜಾಗದಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಚಾಚಿ ಅಳತೆ ಹಿಡಿದರು. ಚಾಚಿದ ಕೈ ಇಳಿಯಲೇ ಇಲ್ಲ. ಆಗ ನನಗೂ ಕಂಡಿತು: ಕಮಾನಿನಿಂದ ಕೆಂಪು ಹುಡಿ ಸಣ್ಣಗೆ ಉದುರುತ್ತಿತ್ತು. ತಂಗಿಯ ಕೂದಲು, ಹೆಗಲು ಆಗಲೇ ಕೆಂಪಾಗಿದ್ದವು.

"ಏಳ ಬೇ, ಓಡಿ ಬಾ!" ಚೀರಿದೆ.

ಅವಳು ತುಟಿಯಷ್ಟೇ ಅಲ್ಲಾಡಿಸಿದಳು. "ಚಿತ್ರ ಮುಗದಿಲ್ಲಲ್ಲ, ಅಕ್ಕಾ."

ನುಗ್ಗಹೊರಟ ನನ್ನ ರಟ್ಟೆಯನ್ನು ಸರ್ ಗಟ್ಟಿಯಾಗಿ ಹಿಡಿದರು. ಅವರ ದನಿ ಮಾತ್ರ ಮೆತ್ತಗಿತ್ತು. "ಮುಗೀತವ್ವಾ. ಏಳು. ನೋಡಾಕ ಬಾ."

ಅವಳು ಎದ್ದು, ಲಂಗ ಝಾಡಿಸಿಕೊಂಡು, ಆರಾಮಾಗಿ ನಡೆದು ಬಂದಳು. ಅಯ್ಯೋ ಶಿವನೇ, ಆ ನಡಿಗೆ! ಬೇವಿನ ನೆರಳು ಮುಟ್ಟುವಷ್ಟರಲ್ಲಿ ಅವಳ ಹಿಂದೆ ಕಮಾನು ಕುಸಿಯಿತು. ಅಂಗಳದ ತುಂಬ ಕೆಂಧೂಳು. ಅವಳನ್ನು ಎದೆಗವಚಿಕೊಂಡೆ.

ಅವಳು ಕೊಸರಿಕೊಂಡು ನನ್ನ ಹಾಳೆಯತ್ತ ಬಗ್ಗಿದಳು. "ಇದರಾಗ ನಾ ಎಲ್ಲಿದ್ದೀನಕ್ಕಾ?"

ಸೊಟ್ಟ ಕಮಾನಿನ ಕೆಳಗೆ ಹಾಳೆ ಖಾಲಿಯಿತ್ತು.