ಎಡಗೈಯ ಮಚ್ಚು

ಬೆಳಗಿನ ಚಹಾಕ್ಕೆ ನೀರಿಡುವ ಮೊದಲು ವಿಲ್ಫ್ ಪ್ಯಾಸ್ಕ್ ಅಡುಗೆಯ ಚಾಕುವನ್ನು ಅಪ್ಪನ ಸಾಣೆಕಲ್ಲಿನ ಮೇಲೆ ಹನ್ನೊಂದು ಸಲ ಎಳೆಯುತ್ತಾನೆ. ಅಪ್ಪ ಎಡಚ. ಕಲ್ಲು ಅವನ ಕೈಗೆ ತಕ್ಕಂತೆ ಓರೆಯಾಗಿ ಸವೆದಿದೆ. ಬಲಗೈಯ ವಿಲ್ಫ್‌ಗೆ ಅದರಲ್ಲಿ ಹರಿತ ಕೂಡಿಬಂದದ್ದೇ ಇಲ್ಲ. ವಯಸ್ಸು ಎಪ್ಪತ್ತೇಳಾದರೂ ಒಂದು ದಿನ ತಪ್ಪಿಸಿದವನಲ್ಲ.

ಸಫೊಕ್ ಸೀಮೆಯ ಅವನ ಹಳ್ಳಿಯಲ್ಲಿ ನೆಲದಡಿಯ ಲೋಹ ಹುಡುಕುವವರ ಸಂಘವೊಂದಿದೆ. ಭಾನುವಾರ ಯಂತ್ರ ಹಿಡಿದು ಉತ್ತ ಹೊಲಗಳನ್ನು ಸುತ್ತುತ್ತಾರೆ. ತಿಂಗಳ ಮೊದಲ ಗುರುವಾರ, ಸಿಕ್ಕಿದ್ದನ್ನೆಲ್ಲ ಊರ ಸಭಾಮನೆಯ ಮೇಜಿನ ಮೇಲೆ ಹರಡುತ್ತಾರೆ. ನಾಣ್ಯ, ಅಂಗಿಯ ಗುಂಡಿ ಗುರುತಿಸಲು ಬೇರೆಯವರಿದ್ದಾರೆ. ತುಕ್ಕು ಹಿಡಿದ ಕಬ್ಬಿಣವೆಲ್ಲ ವಿಲ್ಫ್‌ನ ಪಾಲಿಗೆ. ಮುಳ್ಳುಬೇಲಿ ಹೆಣೆಯುತ್ತಲೇ ಆಯುಷ್ಯ ಕಳೆದವನು ಅವನು. ಮುರುಕು ತುಂಡು ಕೊಟ್ಟರೂ ಸಾಕು, ಅದು ಯಾವ ಕೆಲಸದ್ದೆಂದು ಹೇಳಬಲ್ಲ.

ಅಲ್ಲಿ ಚಹಾ ಹಂಚುವವನು ಸಿರಿಲ್ ಗ್ಯಾರಡ್, ವಿಲ್ಫ್‌ನ ವಯಸ್ಸಿನವನೇ.

"ಸಿರಿಲ್ ಬಂದ, ಚಮಚ ಎಣಿಸ್ಕೊಳ್ಳಿ," ಎಂದ ವಿಲ್ಫ್ ಒಂದು ಗುರುವಾರ ಸಂಜೆ, ಎಂದಿನಂತೆ. ಎಲ್ಲರೂ ನಕ್ಕರು. ಸಿರಿಲ್ ಕೂಡ.

ತಮಾಷೆಗೆ ಅರವತ್ತು ವರ್ಷ. ಹದಿನೇಳರ ವಯಸ್ಸಿನಲ್ಲಿ ವಿಲ್ಫ್ ಅಪ್ಪನ ಬಾಗುಮೂತಿಯ ಬೇಲಿಮಚ್ಚನ್ನು ಕಳೆದುಕೊಂಡು ಬಂದಿದ್ದ. ಅಪ್ಪ ಗದರಿದಾಗ, ಜೊತೆಯಲ್ಲಿದ್ದ ಸಿರಿಲ್ ಕದ್ದಿರಬೇಕು ಎಂದುಬಿಟ್ಟ. ಅಪ್ಪ ಸಿರಿಲ್‌ನನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಹೇಳಿ ಹೇಳಿ ವಿಲ್ಫ್ ತಾನೇ ಅದನ್ನು ನಂಬಿದ್ದ.

ಆ ಸಂಜೆ, ಶಾಲೆಯ ಬಸ್ಸು ಓಡಿಸುವ ಬ್ರಯನಿ ಟವೆಲ್ಲಿನಲ್ಲಿ ಸುತ್ತಿದ ಗಂಟೊಂದನ್ನು ಅವನ ಮುಂದಿಟ್ಟಳು.

"ಸರಿಯಾಗಿ ನೋಡಿ ವಿಲ್ಫ್. ವೈಕಿಂಗರ ಕೊಡಲಿ ಇದು, ನನ್ನ ಮನಸ್ಸು ಹೇಳ್ತಿದೆ."

"ಹೋದ ಸಲ ನಿನ್ನ ಮನಸ್ಸು ಹೇಳಿದ ವೈಕಿಂಗ್ ಟ್ರ್ಯಾಕ್ಟರಿಂದ ಬಿದ್ದಿದ್ದ. ಎಲ್ಲಿ ಸಿಕ್ತು?"

"ಕೆರೆ ಹೊಲದಲ್ಲಿ. ಹಳೇ ಬೇಲಿ ಬುಡ, ಒಂದು ಗೇಣು ಕೆಳಗೆ."

ವಿಲ್ಫ್ ತಂತಿ ಬ್ರಷ್ಷಿನಿಂದ ಉಜ್ಜಿದ. ಬಾಗಿದ ಮೂತಿ ಕಂಡಿತು. ಹೆಬ್ಬೆರಳು ಅಲಗಿನ ಉದ್ದಕ್ಕೂ ಸರಿದು ಅಲ್ಲೇ ನಿಂತಿತು. ಬೇಲಿಮಚ್ಚಿಗೆ ಸಾಣೆ ಒಂದೇ ಮಗ್ಗುಲಿಗೆ, ಹಿಡಿಯುವ ಕೈಯನ್ನು ನೋಡಿ. ಇದರ ಸಾಣೆ ಎದುರು ಮಗ್ಗುಲಿಗಿತ್ತು. ಆ ಸುತ್ತಿನಲ್ಲಿ ಎಡಗೈಯಲ್ಲಿ ಬೇಲಿ ಕಡಿದವನು ಒಬ್ಬನೇ, ಅಪ್ಪ. ಕೆರೆ ಹೊಲದ ಆ ಬೇಲಿಯನ್ನು ಮಚ್ಚು ಕಳೆದುಹೋದ ದಿನ ಕಡಿಯುತ್ತಿದ್ದವನು ಸ್ವತಃ ವಿಲ್ಫ್. ಸಿರಿಲ್ ಆಚೆ ಬದುವಿನಲ್ಲಿದ್ದ. ಕಡಿದ ಮುಳ್ಳಿನ ಕೆಳಗೆ ಮರೆತು ಬಂದವನು ತಾನೇ.

"ಏನಂತ ಬರೀಲಿ? ವೈಕಿಂಗರದ್ದೇ ತಾನೆ?" ಎಂದಳು ಬ್ರಯನಿ, ಗುರುತುಚೀಟಿ ಬರೆಯಲು ಪೆನ್ನು ತೆಗೆದು.

ಚಹಾದ ಲೋಟ ಇಡಲು ಬಂದ ಸಿರಿಲ್ ಬಗ್ಗಿ ನೋಡಿದ. ಅವನಿಗೂ ಗುರುತು ಸಿಕ್ಕಿತು. ವಿಲ್ಫ್‌ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದ:

"ಹೌದು ಅಂದ್ಬಿಡೋ. ಅವಳಿಗೂ ಖುಷಿ, ನಿನ್ನ ಮಾನಾನೂ ಉಳಿಯುತ್ತೆ. ನಿಮ್ಮಪ್ಪ ಓಡಿಸಿದ್ದಕ್ಕೇ ನನಗೆ ಅಂಚೆ ಕೆಲಸ ಸಿಕ್ಕಿದ್ದು. ಮುಳ್ಳು ಚುಚ್ಚಿಸ್ಕೊಳ್ಳೋದು ತಪ್ಪಿತು. ನಾನು ಬಾಯಿ ಬಿಡಲ್ಲ."

ವಿಲ್ಫ್ ಒಂದು ಗಳಿಗೆ ಕಣ್ಣು ಮುಚ್ಚಿದ. ಪ್ರಾರ್ಥನೆಮನೆಯಲ್ಲೂ ಅವನು ಹಾಗೆ ಮುಚ್ಚುತ್ತಿದ್ದುದು ಅಪರೂಪ.

"ಬೇಡ ಸಿರಿಲ್, ಅಷ್ಟು ದೊಡ್ಡ ಉಪಕಾರ ಬೇಡ," ಎಂದ, ಇಡೀ ಮೇಜಿಗೆ ಕೇಳುವಂತೆ. "ಬ್ರಯನಿ, ಬರ್ಕೋ. ಎಡಗೈಯ ಬೇಲಿಮಚ್ಚು. ಕಳ್ಕೊಂಡವನು ವಿಲ್ಫ್ ಪ್ಯಾಸ್ಕ್. ಕದ್ದವರು ಯಾರೂ ಇಲ್ಲ."